ಉಪ್ಪುನೀರಿಗೂ ಒಂದು ಹೊತ್ತು: ಬುದ್ಧಿ ಹಲ್ಲು ತೆಗೆಸಿಕೊಂಡ ಮೊಮ್ಮಗ, ನೋಡಿಕೊಂಡ ಅಜ್ಜಿ

ನಾನು ಶಿವಮೊಗ್ಗ ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ ಹಲ್ಲಿನ ಡಾಕ್ಟರ್. ಇದು ಒಬ್ಬ ಹುಡುಗನ ಒಂದೇ ಒಂದು ಹಲ್ಲಿನ ಕಥೆ. ಆಪರೇಷನ್ ಬಗ್ಗೆ ಇಲ್ಲಿ ಹೇಳುವುದು ಕಡಿಮೆ. ಅದು 40 ನಿಮಿಷದಲ್ಲಿ ಮುಗಿಯಿತು, ಚೆನ್ನಾಗಿಯೇ ಆಯಿತು. ಆಮೇಲೆ ಅವನು ಮನೆಯಲ್ಲಿ ಕಳೆದ ದಿನಗಳ ಬಗ್ಗೆ ಬರೆಯಬೇಕಿದೆ. ಆ ದಿನಗಳಲ್ಲಿ ಅವನು ಪಟ್ಟ ನೋವಿನಲ್ಲಿ ನನ್ನ ಪಾಲೂ ಇದೆ. ಅದಕ್ಕೇ ಬರೆಯುತ್ತಿದ್ದೇನೆ.

ಅಜ್ಜಿ, ಮೊಮ್ಮಗ ಇಬ್ಬರನ್ನೂ ಕೇಳಿ, ಒಪ್ಪಿದ ಮೇಲೆಯೇ ಬರೆದೆ. ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಿಸಿದ್ದೇನೆ. ಯಾವ ದಿನ ಏನಾಯಿತು ಅನ್ನುವುದಕ್ಕೆ ನನ್ನ ಕೇಸ್ ಶೀಟಿಗಿಂತ ಒಳ್ಳೆಯ ದಾಖಲೆ ಒಂದು ಸಿಕ್ಕಿತು. ಅದು ಅಜ್ಜಿಯ ಅಡುಗೆಮನೆ ಗೋಡೆಯ ಕ್ಯಾಲೆಂಡರ್. ಅದರಲ್ಲಿ ಅವರು ಡೇರಿಗೆ ಹಾಕಿದ ಹಾಲಿನ ಲೆಕ್ಕ ಬರೆಯುತ್ತಿದ್ದರು. ಮೊಮ್ಮಗ ನೋವಿನ ಮಾತ್ರೆ ತೆಗೆದುಕೊಂಡಾಗಲೆಲ್ಲ ಆ ದಿನದ ಚೌಕದಲ್ಲಿ ಒಂದು ಗೆರೆ ಎಳೆದಿದ್ದರು.

ಹುಡುಗ ಮತ್ತು ಹಲ್ಲು

ವಯಸ್ಸು 26. ಬೆಂಗಳೂರಿನಲ್ಲಿ ಕೆಲಸ, ಬಾಡಿಗೆ ರೂಮು, ಮೆಸ್ ಊಟ. ಕೆಳದವಡೆಯ ಎಡಗಡೆ ಕೊನೆಯ ಹಲ್ಲು, ಅಂದರೆ ಬುದ್ಧಿ ಹಲ್ಲು, ಮುಂದಿನ ಹಲ್ಲಿನ ಕಡೆಗೆ ವಾಲಿಕೊಂಡು ಅರ್ಧ ವಸಡಿನೊಳಗೆ ಸಿಕ್ಕಿಕೊಂಡಿತ್ತು. ವಸಡಿನ ಚೂರೊಂದು ಮುಚ್ಚಳದ ಹಾಗೆ ಅದರ ಮೇಲೆ ಕೂತಿತ್ತು. ಅದರಡಿ ಅನ್ನ ಸಿಕ್ಕಿಕೊಂಡು ಒಂದು ವರ್ಷದಲ್ಲಿ ಮೂರು ಸಲ ಬಾತುಕೊಂಡಿತ್ತು. ಮೂರು ಸಲವೂ ಮಾತ್ರೆ ನುಂಗಿ ತಳ್ಳಿದ್ದ. ಬಲಗಡೆ ಹಲ್ಲೂ ಹೀಗೇ ವಾಲಿತ್ತು, ಆದರೆ ಇನ್ನೂ ಕಾಟ ಕೊಟ್ಟಿರಲಿಲ್ಲ.

ಬೆಂಗಳೂರಿನಲ್ಲೇ ತೆಗೆಸಬಹುದಿತ್ತು. ಆದರೆ ಆಪರೇಷನ್ ಆದ ಬಾಯಿಗೆ ಮೆಸ್ ಊಟ ಹೇಗೆ? ರಾತ್ರಿ ರಕ್ತ ಬಂದರೆ ನೋಡುವವರು ಯಾರು? ಹಾಗಂತ ರಜೆ ಹಾಕಿ ಊರಿಗೆ ಬಂದ. ಒಳ್ಳೆಯ ಯೋಚನೆಯೇ. ಅಜ್ಜಿ ಮನೆ ನನ್ನ ಕ್ಲಿನಿಕ್‌ನಿಂದ 28 ಕಿಲೋಮೀಟರ್. ಜುಲೈ ತಿಂಗಳು, ಬಿಡದ ಮಳೆ.

ಬುಧವಾರ ಬೆಳಿಗ್ಗೆ 11ಕ್ಕೆ ಶುರು ಮಾಡಿದೆ. ಲಿಗ್ನೋಕೇನ್ ಇಂಜೆಕ್ಷನ್ ಕೊಟ್ಟು ದವಡೆ ಮರಗಟ್ಟಿಸಿ, ವಸಡು ಬಿಡಿಸಿ, ಮೂಳೆ ಸ್ವಲ್ಪ ಕೊರೆದು, ಹಲ್ಲನ್ನು ಎರಡು ತುಂಡು ಮಾಡಿ ತೆಗೆದು, ಕಪ್ಪು ರೇಷ್ಮೆ ದಾರದಲ್ಲಿ ಮೂರು ಹೊಲಿಗೆ ಹಾಕಿದೆ. ಗಾಯದ ಮೇಲೆ ಗಾಜ್ ಬಟ್ಟೆ ಇಟ್ಟು ಒಂದು ಗಂಟೆ ಗಟ್ಟಿಯಾಗಿ ಕಚ್ಚಿಕೊಳ್ಳಲು ಹೇಳಿದೆ.

ಆಮೇಲೆ ನಾನು ಮಾಡಿದ್ದನ್ನು ಇದ್ದ ಹಾಗೇ ಹೇಳುತ್ತೇನೆ. ಬಾಯಲ್ಲಿ ಬಟ್ಟೆ ಕಚ್ಚಿಕೊಂಡು, ತುಟಿ ಎಲ್ಲಿದೆ ಅಂತಲೂ ಗೊತ್ತಾಗದೆ, ಸುಸ್ತಾಗಿ ಕೂತಿದ್ದ ಆ ಹುಡುಗನಿಗೆ ಎರಡು ನಿಮಿಷದಲ್ಲಿ ಎಲ್ಲ ಸೂಚನೆ ಹೇಳಿದೆ. ಇಂಗ್ಲಿಷಿನಲ್ಲಿ ಅಚ್ಚಾದ ಒಂದು ಹಾಳೆ ಕೈಗೆ ಕೊಟ್ಟೆ. ಅವನು ತಲೆ ಆಡಿಸಿದ. ಹೊರಗೆ ಬೆಂಚಿನ ಮೇಲೆ ಅಜ್ಜಿ ಕಾಯುತ್ತಿದ್ದರು. ಅವರಿಗೆ "ಎಲ್ಲಾ ಚೆನ್ನಾಗಾಗಿದೆ ಅಜ್ಜಿ, ಮೆತ್ತಗಿರೋದು ಕೊಡಿ" ಅಂದೆ, ಅಷ್ಟೇ. ಮುಂದಿನ ಎಂಟು ದಿನ ಗಂಜಿ ಬೇಯಿಸುವವರು, ದಿಂಬು ಇಡುವವರು, ರಾತ್ರಿ ಎದ್ದು ನೋಡುವವರು ಅವರು. ಅವರ ಕೈಗೆ ನಾನು ಏನನ್ನೂ ಕೊಡಲಿಲ್ಲ.

ಮೊದಲ ಸಂಜೆ

ಮಧ್ಯಾಹ್ನ ಒಂದೂವರೆಗೆ ಮನೆ ಸೇರಿದರು. ಗಾಜ್ ತೆಗೆದು ಎಸೆದಿದ್ದಾಗಿತ್ತು. ಹುಡುಗ ಹತ್ತು ನಿಮಿಷಕ್ಕೊಮ್ಮೆ ಎದ್ದು ಅಂಗಳದಲ್ಲಿ ಉಗುಳಿ ಬರುತ್ತಿದ್ದ. ಉಗುಳು ಕೆಂಪು ಕಂಡರೆ ಯಾರಿಗಾದರೂ ಹೆದರಿಕೆ ಆಗುತ್ತದೆ, ಅಲ್ವಾ? ನಿಜವಾಗಿ ಒಂದು ಹನಿ ರಕ್ತ ಬಾಯಿ ತುಂಬ ಎಂಜಲಿಗೆ ಸೇರಿದರೂ ಇಡೀ ಬಾಯಿ ರಕ್ತವೇ ಅನ್ನಿಸುತ್ತದೆ. ಮೊದಲ ದಿನ ಎಂಜಲು ಗುಲಾಬಿ ಬಣ್ಣ ಇರುವುದು ಸಹಜ. ಅದನ್ನು ಸುಮ್ನೆ ನುಂಗಬೇಕು. ಉಗುಳುವಾಗ ಬಾಯೊಳಗೆ ಎಳೆತ ಬೀಳುತ್ತದೆ. ಆ ಎಳೆತಕ್ಕೆ ಗಾಯದಲ್ಲಿ ಆಗತಾನೇ ಕೂತ ಹೆಪ್ಪು ಅಲುಗಾಡುತ್ತದೆ.

ಈ ಹೆಪ್ಪಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಹಲ್ಲು ಹೋದ ಜಾಗದಲ್ಲಿ ಒಂದು ಗುಂಡಿ ಉಳಿಯುತ್ತದೆ. ಗುಂಡಿಯ ಗೋಡೆ ಅಂದರೆ ಬರೀ ಮೂಳೆ. ರಕ್ತ ಆ ಗುಂಡಿ ತುಂಬಿ, ಪಾತ್ರೆಯಲ್ಲಿ ಮೊಸರು ಹೆಪ್ಪಾದ ಹಾಗೆ ಗಟ್ಟಿಯಾಗುತ್ತದೆ. ಅದೇ ಗಾಯದ ಮುಚ್ಚಳ, ಹೊಸ ಮಾಂಸ ಬೆಳೆಯಲು ಅದೇ ಚಪ್ಪರ. ಹೆಪ್ಪಿಗೆ ಹಾಕಿದ ಹಾಲನ್ನು ಯಾರೂ ಅಲುಗಾಡಿಸುವುದಿಲ್ಲ. ಅಜ್ಜಿಗೆ ಈ ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ಹೇಳಿರಲಿಲ್ಲ.

ಸಂಜೆ ಐದಕ್ಕೆ ಅಜ್ಜಿ ಒಂದು ಚೊಂಬು ಬಿಸಿನೀರಿಗೆ ಉಪ್ಪು, ಅರಿಶಿನ ಹಾಕಿ ತಂದರು. "ಚೆನ್ನಾಗಿ ಮುಕ್ಕಳಿಸು, ಒಳಗಿನ ಕೆಟ್ಟ ರಕ್ತ ಎಲ್ಲಾ ಹೋಗ್ಲಿ" ಅಂದರು. ಅವನು ಗಳಗಳ ಅಂತ ಮುಕ್ಕಳಿಸಿದ. ಐದು ನಿಮಿಷದಲ್ಲಿ ರಕ್ತ ಮತ್ತೆ ಶುರುವಾಯಿತು. ಹಾಳೆಯಲ್ಲಿ "ಮೊದಲ 24 ಗಂಟೆ ಬಾಯಿ ಮುಕ್ಕಳಿಸಬಾರದು" ಅಂತ ಇತ್ತು. ಆ ಹಾಳೆ ಮಳೆಗೆ ನೆನೆದ ಅವನ ಬ್ಯಾಗಿನಲ್ಲಿತ್ತು.

ಆರೂವರೆಗೆ ಅಜ್ಜಿ ಫೋನ್ ಮಾಡಿದರು. ದನಿ ನಡುಗುತ್ತಿತ್ತು. ಬಿಳಿ ಹತ್ತಿ ಬಟ್ಟೆಯ ತುಂಡು ತೊಳೆದು, ಹಿಂಡಿ, ಮಡಚಿ ಗಾಯದ ಮೇಲೆ ಇಟ್ಟು ಅರ್ಧ ಗಂಟೆ ಕಚ್ಚಿಕೊಳ್ಳಲು ಹೇಳಿದೆ. "ಮಧ್ಯೆ ತೆಗೆದು ನೋಡಬೇಡಿ" ಅಂತ ಎರಡು ಸಲ ಹೇಳಿದೆ. ಎಲ್ಲರೂ ತಪ್ಪುವುದು ಇಲ್ಲೇ. ನಿಂತಿತಾ ಅಂತ ಐದು ನಿಮಿಷಕ್ಕೊಮ್ಮೆ ತೆಗೆದರೆ ಮತ್ತೆ ಮೊದಲಿನಿಂದ ಶುರು. ಅಜ್ಜಿ ಗೋಡೆ ಗಡಿಯಾರದ ಎದುರು ಅವನನ್ನು ಕೂರಿಸಿದರು. ಏಳೂಕಾಲಿಗೆ ರಕ್ತ ನಿಂತಿತ್ತು.

ನೋವಿನ ಮಾತ್ರೆಯದೂ ಹೊತ್ತಿನ ತಪ್ಪೇ. ಮರಗಟ್ಟಿದ್ದು ಮೂರ್ನಾಲ್ಕು ಗಂಟೆಯಲ್ಲಿ ಇಳಿಯುತ್ತದೆ. ಅದು ಇಳಿಯುವ ಮೊದಲೇ ಊಟ ಮಾಡಿ ಮೊದಲ ಮಾತ್ರೆ ನುಂಗಿರಬೇಕು. "ಈಗ ನೋವೇ ಇಲ್ವಲ್ಲ" ಅಂತ ಅವನು ಬಿಟ್ಟ. ನಾಲ್ಕೂವರೆಗೆ ನೋವು ಒಮ್ಮೆಲೇ ಎದ್ದಿತು. ಎದ್ದ ನೋವನ್ನು ಇಳಿಸುವುದು ಏಳದಂತೆ ತಡೆಯುವುದಕ್ಕಿಂತ ಕಷ್ಟ. ಖಾಲಿ ಹೊಟ್ಟೆಗೆ ಮಾತ್ರೆ ಬೇಡ ಅಂತ ಅಜ್ಜಿ ಮೊದಲು ಗಂಜಿ ಕುಡಿಸಿದರು. ಅದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕ್ಯಾಲೆಂಡರಿನ ಬುಧವಾರದ ಚೌಕದಲ್ಲಿ ಎರಡು ಗೆರೆ ಇವೆ.

ಗುರುವಾರ, ಶುಕ್ರವಾರ

ಗುರುವಾರ ಬೆಳಿಗ್ಗೆ ಕೆನ್ನೆ ಊದಿತ್ತು. ಆಪರೇಷನ್ ಆದ ಊತ ಎರಡರಿಂದ ಮೂರು ದಿನ ಏರುತ್ತದೆ, ಆಮೇಲೆ ಇಳಿಯುತ್ತದೆ. ಮೊದಲ ದಿನ ಐಸ್ ತುಂಡನ್ನು ಬಟ್ಟೆಯಲ್ಲಿ ಸುತ್ತಿ ಕೆನ್ನೆಗೆ 20 ನಿಮಿಷ ಇಟ್ಟು, 20 ನಿಮಿಷ ಬಿಟ್ಟು, ಹೀಗೇ ಮಾಡಿದರೆ ಊತದ ಏರಿಕೆ ಸ್ವಲ್ಪ ತಗ್ಗುತ್ತದೆ. ಅವರ ಮನೆಯಲ್ಲಿ ಫ್ರಿಜ್ ಇದೆ. ಆದರೆ ಬುಧವಾರ ಮಧ್ಯಾಹ್ನದಿಂದ ಕರೆಂಟ್ ಇರಲಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಇದು ಹೊಸ ವಿಷಯ ಅಲ್ಲ. ನಾನೇ ಒಂದು ಥರ್ಮೋಸ್ ಐಸ್ ಕಟ್ಟಿ ಕಳಿಸಬಹುದಿತ್ತು. ಅಜ್ಜಿ ಬಾವಿಯ ನೀರಿನಲ್ಲಿ ಅದ್ದಿದ ಬಟ್ಟೆ ಇಟ್ಟರು. ಮಳೆಗಾಲದ ಬಾವಿ ನೀರು ತಣ್ಣಗೇ ಇರುತ್ತದೆ. ಕಡಿಮೆ ಆದರೂ ಉಪಯೋಗ ಆಗಿರುತ್ತದೆ. ಪಕ್ಕದ ಮನೆಯವರು ಬಂದು ಬಿಸಿ ಉಪ್ಪಿನ ಗಂಟಿನ ಶಾಖ ಕೊಡಿ ಅಂದರಂತೆ. ಅಜ್ಜಿ "ಇವತ್ತು ಬೇಡ, ಗಾಯ ಹಸಿ ಇದೆ" ಅಂದರು. ಸರಿಯಾದ ತೀರ್ಮಾನ. ಶಾಖ ಕೊಡುವುದಿದ್ದರೆ ಎರಡು ದಿನ ಕಳೆದ ಮೇಲೆ, ದವಡೆ ಬಿಗಿತ ಸಡಿಲವಾಗಲಿ ಅಂತ ಮಾತ್ರ.

ಗುರುವಾರ ಮಧ್ಯಾಹ್ನ ಟಾರ್ಚ್ ಹಾಕಿ ಬಾಯಿ ನೋಡಿದಾಗ ಗಾಯದ ಮೇಲೆ ಬಿಳಿ ಹಳದಿ ಪರೆ ಕಂಡಿತು. ಕೀವು ಆಗಿದೆ ಅಂತ ಇಬ್ಬರೂ ಹೆದರಿದರು. ಬಾಯೊಳಗಿನ ಗಾಯ ಹೊರಗಿನ ಗಾಯದ ಹಾಗೆ ಕಪ್ಪಾಗಿ ಒಣಗುವುದಿಲ್ಲ. ಎಂಜಲಿನಲ್ಲಿ ಸದಾ ನೆನೆದಿರುವುದರಿಂದ ಅದರ ಹೊಪ್ಪಳೆ ಹೀಗೆ ಬೆಳ್ಳಗೆ ಮೆತ್ತಗೆ ಇರುತ್ತದೆ. ಅದು ಮಾಯುತ್ತಿರುವ ಗುರುತು. ಬೆರಳಲ್ಲೋ ಹತ್ತಿಯಲ್ಲೋ ಉಜ್ಜಿ ತೆಗೆಯಬಾರದು. ಅಜ್ಜಿ ಉಜ್ಜಲು ಹೊರಟು, ಅವನು ಬಾಯಿ ತೆರೆಯಲಾರದೆ ಅಲ್ಲಿಗೇ ಬಿಟ್ಟರು.

ನೋವು ಮಾತ್ರ ಇಳಿಯುತ್ತಿತ್ತು. ಗುರುವಾರ ಮೂರು ಗೆರೆ, ಶುಕ್ರವಾರ ಎರಡೇ. ಶುಕ್ರವಾರ ಊತ ಪೂರ್ತಿ ಏರಿತ್ತು. ಬಾಯಿ ಒಂದೂವರೆ ಬೆರಳಿನಷ್ಟು ಮಾತ್ರ ತೆರೆಯುತ್ತಿತ್ತು. ಮೂರು ಬೆರಳು ಒಟ್ಟಿಗೆ ಹಿಡಿಸುವುದು ಸಾಮಾನ್ಯ. ಈ ಬಿಗಿತವೂ ಊತದ ಹಾಗೆಯೇ, ಒಂದು ವಾರ ಹತ್ತು ದಿನದಲ್ಲಿ ಬಿಡುತ್ತದೆ. ಶುಕ್ರವಾರ ಮಧ್ಯಾಹ್ನದವರೆಗೆ ಎಲ್ಲವೂ ಪುಸ್ತಕದಲ್ಲಿ ಬರೆದ ಹಾಗೇ ಇತ್ತು. ಒಂದು ವಿಷಯ ಬಿಟ್ಟು. ಗುರುವಾರ ಸಂಜೆ ಮಳೆ ಬಿಟ್ಟಾಗ ಅವನು ತೋಟದ ಕಡೆ ಹೋಗಿ ಎರಡು ಸಿಗರೇಟು ಸೇದಿ ಬಂದಿದ್ದ. ಅದು ನನಗೆ ಗೊತ್ತಾಗಿದ್ದು ಭಾನುವಾರ.

ಏರಿದ ಗೆರೆಗಳು

ಶುಕ್ರವಾರ ರಾತ್ರಿ ಒಂದು ಗಂಟೆಗೆ ನೋವು ಅವನನ್ನು ಎಬ್ಬಿಸಿತು. ಇದು ಬುಧವಾರದ ನೋವಿನ ಹಾಗಿರಲಿಲ್ಲ. ಗಾಯದ ಜಾಗದಿಂದ ಹೊರಟು ಕಿವಿಗೆ, ಅಲ್ಲಿಂದ ಕಪಾಲಕ್ಕೆ ಹೋಗುತ್ತಿತ್ತು. ಒಂದೇ ಸಮನೆ, ಬಿಡುವಿಲ್ಲದೆ. ಬಾಯಿ ಕೆಟ್ಟ ವಾಸನೆ, ನಾಲಿಗೆಗೆ ಕೆಟ್ಟ ರುಚಿ. ಮಾತ್ರೆ ನುಂಗಿದರೂ ನೋವು ಜಗ್ಗಲಿಲ್ಲ. ಕಿವಿಯಲ್ಲೇ ಏನೋ ಆಗಿದೆ ಅಂತ ಅಜ್ಜಿ ಅಂದುಕೊಂಡರು. ಕೆಳದವಡೆಗೆ ಹೋಗುವ ನರದ ಗುಂಪಿನಿಂದಲೇ ಕಿವಿಯ ಕಡೆಗೂ ಒಂದು ಕವಲು ಹೋಗುತ್ತದೆ. ಹಾಗಾಗಿ ಹಲ್ಲಿನ ನೋವು ಕಿವಿಯಲ್ಲಿ ಕೂಗುತ್ತದೆ.

ಶನಿವಾರ ಇಡೀ ದಿನ ಅವನು ಸಹಿಸಿಕೊಂಡ. ಯಾಕೆ ಫೋನ್ ಮಾಡಲಿಲ್ಲ ಅಂತ ಆಮೇಲೆ ಕೇಳಿದೆ. ಆ ಹೊತ್ತಿಗೆ ಹಾಳೆ ಒಣಗಿತ್ತು, ಅವನು ಓದಿದ್ದ. "ಮೂರರಿಂದ ಐದು ದಿನ ನೋವು ಮತ್ತು ಊತ ಇರುವುದು ಸಹಜ" ಅಂತ ಅದರಲ್ಲಿ ಬರೆದಿತ್ತು. ನಾನೇ ಬರೆಸಿದ್ದು. ಮಾತು ಸುಳ್ಳಲ್ಲ. ಆದರೆ ಅದನ್ನು ನಂಬಿ ಒಬ್ಬ ಹುಡುಗ ಎರಡು ರಾತ್ರಿ ಕಣ್ಣು ಮುಚ್ಚದೆ ಕೂತಿದ್ದ. ನೋವು ಇರುತ್ತದೆ ಅಂತ ಬರೆದೆ. ದಿನದಿಂದ ದಿನಕ್ಕೆ ಇಳಿಯುತ್ತಾ ಹೋಗಬೇಕು, ಇಳಿದ ನೋವು ಮೂರನೇ ದಿನ ಮತ್ತೆ ಏರಿದರೆ ಕೂಡಲೇ ಬನ್ನಿ ಅಂತ ಬರೆಯಲಿಲ್ಲ. ಈಗಲೂ ಆ ಹಾಳೆ ನೆನಪಾದರೆ ನನಗೆ ಸಂಕಟ ಆಗುತ್ತದೆ.

ಹತ್ತಿರದ ಮೆಡಿಕಲ್ ಶಾಪಿನಿಂದ ಇನ್ನೊಂದು ನೋವಿನ ಮಾತ್ರೆ ತಂದರು. ನಾನು ಬರೆದುಕೊಟ್ಟಿದ್ದು ಇಬುಪ್ರೊಫೆನ್ ಮತ್ತು ಪ್ಯಾರಾಸಿಟಮಾಲ್. ಅಂಗಡಿಯಲ್ಲಿ ಕೊಟ್ಟಿದ್ದು ಡೈಕ್ಲೋಫೆನ್ಯಾಕ್. ಇಬುಪ್ರೊಫೆನ್, ಡೈಕ್ಲೋಫೆನ್ಯಾಕ್ ಎರಡೂ ಒಂದೇ ಜಾತಿಯ ಮಾತ್ರೆ. ಎರಡನ್ನೂ ಒಟ್ಟಿಗೆ ನುಂಗಿದರೆ ನೋವು ಅಷ್ಟೇನೂ ಜಾಸ್ತಿ ಇಳಿಯುವುದಿಲ್ಲ. ಹೊಟ್ಟೆಯ ಒಳಪದರಕ್ಕೂ ಕಿಡ್ನಿಗೂ ಪೆಟ್ಟು ಮಾತ್ರ ಜಾಸ್ತಿ. ರಾತ್ರಿ ಎದೆಯುರಿಯೂ ಶುರುವಾಯಿತು. ಅಜ್ಜಿ ಲವಂಗ ಜಜ್ಜಿ ಗಾಯದ ಮೇಲೆ ಇಟ್ಟರು. ಉರಿ ತಡೆಯಲಾರದೆ ಅವನು ತೆಗೆದುಬಿಟ್ಟ.

ಶನಿವಾರದ ಚೌಕದಲ್ಲಿ ಆರು ಗೆರೆ ಇವೆ. ಎರಡು, ಮೂರು, ಎರಡು, ಆರು. ಆ ಕ್ಯಾಲೆಂಡರನ್ನು ಶನಿವಾರ ರಾತ್ರಿ ನಾನು ನೋಡಿದ್ದರೆ ಬಾಯಿ ತೆರೆಸದೆಯೇ ಏನಾಗಿದೆ ಅಂತ ಹೇಳುತ್ತಿದ್ದೆ.

ಭಾನುವಾರ

ಬೆಳಿಗ್ಗೆ ಆರೂವರೆಗೆ ಫೋನ್. "ಡಾಕ್ಟ್ರಮ್ಮಾ, ಹುಡುಗ ಗೋಡೆಗೆ ತಲೆ ಒರಗಿಸಿ ಅಳ್ತಾ ಕೂತಿದ್ದಾನೆ. ಇವನು ಸಣ್ಣವನಿದ್ದಾಗಲೂ ಹೀಗೆ ಅತ್ತವನಲ್ಲ" ಅಂದರು. ನಾನು ಮೊದಲು ಕೇಳಿದ್ದು ನಾಲ್ಕೇ ಪ್ರಶ್ನೆ. ಉಸಿರಾಡಲು ಕಷ್ಟ ಇದೆಯಾ? ನೀರು, ಎಂಜಲು ನುಂಗಲು ಆಗುತ್ತಿದೆಯಾ? ಜ್ವರ ಇದೆಯಾ? ಊತ ಗಲ್ಲದಡಿಗೆ, ಕುತ್ತಿಗೆಗೆ ಇಳಿದಿದೆಯಾ, ನಾಲಿಗೆ ಮೇಲೆ ಎದ್ದಿದೆಯಾ? ಇವುಗಳಲ್ಲಿ ಉಸಿರಿನದೋ ನುಂಗುವುದರದೋ ತೊಂದರೆ ಇದ್ದಿದ್ದರೆ ನನ್ನ ಹತ್ತಿರ ಬರುವುದು ಬೇಡ, 108ಕ್ಕೆ ಫೋನ್ ಮಾಡಿ ದೊಡ್ಡಾಸ್ಪತ್ರೆಗೆ ಹೋಗಿ ಅನ್ನುತ್ತಿದ್ದೆ. ಹಲ್ಲಿನ ಸೋಂಕು ನಾಲಿಗೆಯಡಿಗೂ ಗಲ್ಲದಡಿಗೂ ಹರಡಿ ಉಸಿರಿನ ದಾರಿ ಮುಚ್ಚುವ ಒಂದು ಸ್ಥಿತಿ ಇದೆ. ಜರ್ಮನಿಯ ಲುಡ್ವಿಗ್ ಎಂಬ ವೈದ್ಯರು 1836ರಲ್ಲಿ ಅದನ್ನು ವಿವರಿಸಿದರು, ಅವರ ಹೆಸರಿನಿಂದಲೇ ಇಂದಿಗೂ ಕರೆಯುತ್ತಾರೆ. ಅಲ್ಲಿ ಗಂಟೆಗಳ ಲೆಕ್ಕ. ಇವನಿಗೆ ಅದ್ಯಾವುದೂ ಇರಲಿಲ್ಲ. ಕ್ಲಿನಿಕ್ ಬಾಗಿಲು ತೆಗೆದು ಕಾದೆ.

ಜ್ವರ ಇಲ್ಲ. ಊತ ಇಳಿಯುತ್ತಿದೆ. ಕೀವು ಇಲ್ಲ. ಕೆಳತುಟಿಗೆ ಸ್ಪರ್ಶ ಗೊತ್ತಾಗುತ್ತಿದೆ, ಅಂದರೆ ನರಕ್ಕೆ ಪೆಟ್ಟಾಗಿಲ್ಲ. ಬಾಯಿ 22 ಮಿಲಿಮೀಟರ್ ತೆರೆಯಿತು. ಒಂದು ಹೊಲಿಗೆ ಸಡಿಲವಾಗಿತ್ತು. ಗುಂಡಿಯಲ್ಲಿ ಹೆಪ್ಪು ಇರಲಿಲ್ಲ. ಬೂದು ಬಣ್ಣದ ಕೊಳೆ ಸ್ವಲ್ಪ, ಅದರ ಕೆಳಗೆ ಬೆತ್ತಲೆ ಮೂಳೆ. ಸಲಕರಣೆಯ ತುದಿ ಸುಮ್ಮನೆ ತಾಗಿದ್ದಕ್ಕೆ ಅವನು ಕುರ್ಚಿಯಿಂದ ಎದ್ದೇ ಬಿಟ್ಟ.

ಇದಕ್ಕೆ ಡ್ರೈ ಸಾಕೆಟ್ ಅನ್ನುತ್ತೇವೆ, ಒಣ ಗುಂಡಿ. ಕ್ರಾಫರ್ಡ್ ಎಂಬುವರು 1896ರಲ್ಲಿ ಕೊಟ್ಟ ಹೆಸರು. ಹೆಪ್ಪು ಕರಗಿಯೋ ಕಿತ್ತುಹೋಗಿಯೋ ಮೂಳೆ ಬಯಲಾದರೆ ಗಾಳಿ, ನೀರು, ಅನ್ನ ಏನು ತಾಗಿದರೂ ಜೀವ ಹೋಗುವ ನೋವು. ಸಾಮಾನ್ಯ ಹಲ್ಲು ಕಿತ್ತಾಗ ನೂರರಲ್ಲಿ ಒಬ್ಬರಿಂದ ಐವರಿಗೆ ಹೀಗಾಗುತ್ತದೆ. ಕೆಳದವಡೆಯ ಹೂತ ಬುದ್ಧಿ ಹಲ್ಲಿನಲ್ಲಿ ಇದು ನೂರರಲ್ಲಿ 30ರವರೆಗೂ ಹೋಗಬಹುದು.

ಅವನು ಕೇಳಿದ್ದು "ಇನ್ನೂ ಸ್ಟ್ರಾಂಗ್ ಆಂಟಿಬಯೋಟಿಕ್ ಕೊಡಿ" ಅಂತ. ಬೇಕಾಗಿರಲಿಲ್ಲ. ಬೆತ್ತಲಾದ ಮೂಳೆಯ ನೋವು ಆಂಟಿಬಯೋಟಿಕ್‌ಗೆ ಬಗ್ಗುವುದಿಲ್ಲ, ಮೂಳೆಯನ್ನು ಮುಚ್ಚಬೇಕು. ಉಗುರು ಬೆಚ್ಚಗಿನ ಸಲೈನ್‌ನಿಂದ ಗುಂಡಿಯನ್ನು ಮೆಲ್ಲಗೆ ತೊಳೆದೆ. ಕೆರೆಯಲಿಲ್ಲ. ಯೂಜಿನಾಲ್ ಬೆರೆಸಿದ ಔಷಧಿ ಹಚ್ಚಿದ ಸಣ್ಣ ಗಾಜ್ ಪಟ್ಟಿಯನ್ನು ಸಡಿಲವಾಗಿ ಒಳಗಿಟ್ಟೆ. ಹತ್ತು ನಿಮಿಷದಲ್ಲಿ ಅವನ ಹುಬ್ಬಿನ ಗಂಟು ಬಿಚ್ಚಿತು. ಹದಿನೈದು ನಿಮಿಷದಲ್ಲಿ ಕುರ್ಚಿಯಲ್ಲೇ ನಿದ್ದೆ ಹೋಗಿದ್ದ.

ಅಜ್ಜಿ ಪಕ್ಕದಲ್ಲೇ ನಿಂತಿದ್ದರು. ಮೂಸಿ ನೋಡಿ, "ಇದು ಲವಂಗದ ವಾಸನೆ ಅಲ್ವಾ?" ಅಂದರು.

"ಹೌದು ಅಜ್ಜಿ, ಲವಂಗದ ಎಣ್ಣೆಯಲ್ಲಿರೋ ಸತ್ವವೇ ಇದು."

"ಮತ್ತೆ ನಾನಿಟ್ಟಿದ್ದಕ್ಕೆ ಉರಿ ಅಂದ?"

ಜಜ್ಜಿದ ಲವಂಗವೋ ಬರೀ ಎಣ್ಣೆಯೋ ಹಸಿ ಗಾಯಕ್ಕೆ ನೇರ ತಾಗಿದರೆ ಮಾಂಸ ಸುಡುತ್ತದೆ. ಔಷಧಿಯಲ್ಲಿ ಅದನ್ನು ಬೇರೆ ವಸ್ತುವಿನ ಜೊತೆ ಹದ ಮಾಡಿರುತ್ತಾರೆ. ಅದನ್ನೇ ವಿವರಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹಾಗಾದ್ರೆ ಉಪ್ಪುನೀರೂ ತಪ್ಪಾಯ್ತಾ?" ಅಂತ ಕೇಳಿದರು. ಕಣ್ಣಲ್ಲಿ ನೀರಿತ್ತು.

ಉಪ್ಪುನೀರು ತಪ್ಪಲ್ಲ. ಒಂದು ದಿನ ಮುಂಚೆ ಬಂತು, ಅಷ್ಟೇ. 24 ಗಂಟೆ ಕಳೆದ ಮೇಲೆ ಒಂದು ಲೋಟ ಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ, ಬಾಯಿಯಲ್ಲಿ ತುಂಬಿಕೊಂಡು ತಲೆ ಮೆಲ್ಲಗೆ ಆ ಕಡೆ ಈ ಕಡೆ ವಾಲಿಸಿ, ತುಟಿ ಸಡಿಲ ಬಿಟ್ಟು ನೀರು ತಾನಾಗಿ ಸುರಿದುಹೋಗಲು ಬಿಡಬೇಕು. ದಿನಕ್ಕೆ ನಾಲ್ಕೈದು ಸಲ, ಊಟ ಆದ ಮೇಲಂತೂ ತಪ್ಪದೆ. ಇದನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಬುಧವಾರ ಅಜ್ಜಿಗೆ ಹೇಳಿರಲಿಲ್ಲ, ಅದು ನನ್ನ ತಪ್ಪು ಅಂತ ಅವರೆದುರೇ ಒಪ್ಪಿಕೊಂಡೆ.

ಅಜ್ಜಿ ಹೊರಗೆ ಹೋದ ಮೇಲೆ ಹುಡುಗ ಸಿಗರೇಟಿನ ವಿಷಯ ಹೇಳಿದ. ದಿನಕ್ಕೆ ನಾಲ್ಕೈದು ಸೇದುತ್ತಾನೆ. ಮೊದಲ ದಿನ ನನ್ನ ಫಾರಂನಲ್ಲಿ "ಇಲ್ಲ" ಅಂತ ಬರೆದಿದ್ದ. ಆ ಪ್ರಶ್ನೆ ಕೇಳುವಾಗ ಅಜ್ಜಿ ಅವನ ಪಕ್ಕದಲ್ಲೇ ಕೂತಿದ್ದರು. ಅಜ್ಜಿಯ ಎದುರು ಹೌದು ಅನ್ನುವ ಮೊಮ್ಮಗ ಯಾರಿದ್ದಾರೆ? ಕೇಳಿದ ಜಾಗವೇ ಸರಿಯಿರಲಿಲ್ಲ. ಸಿಗರೇಟು ಎಳೆಯುವಾಗ ಗಾಯದ ಮೇಲೆ ಎಳೆತ ಬೀಳುತ್ತದೆ. ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸಿ ಗಾಯಕ್ಕೆ ಬರುವ ರಕ್ತ ಕಡಿಮೆ ಮಾಡುತ್ತದೆ. ಬೀಡಿ, ಹೊಗೆಸೊಪ್ಪು, ಗುಟ್ಕಾ ಎಲ್ಲದಕ್ಕೂ ಇದೇ ಮಾತು. ಮೂರು ದಿನವಾದರೂ ಬಿಡಲೇಬೇಕು, ವಾರ ಬಿಟ್ಟರೆ ಇನ್ನೂ ಒಳ್ಳೆಯದು.

ಹಾಗಾದರೆ ಹೆಪ್ಪು ಹೋಗಿದ್ದು ಮುಕ್ಕಳಿಸಿದ್ದಕ್ಕಾ, ಸಿಗರೇಟಿಗಾ? ಒಂದನ್ನೇ ಬೆರಳು ಮಾಡಿ ತೋರಿಸಲು ಬರುವುದಿಲ್ಲ. ಕೆಳದವಡೆಯ ಮೂಳೆ ಗಟ್ಟಿ, ಅಲ್ಲಿಗೆ ರಕ್ತ ಹರಿಯುವುದು ಮೇಲ್ದವಡೆಗಿಂತ ಕಡಿಮೆ. ಮೂಳೆ ಕೊರೆದಿದ್ದೆ. ಹಿಂದೆ ಮೂರು ಸಲ ಸೋಂಕಾದ ಜಾಗ. ಎಲ್ಲ ಸರಿಯಾಗಿ ಪಾಲಿಸಿದವರಿಗೂ ಡ್ರೈ ಸಾಕೆಟ್ ಆಗುತ್ತದೆ. ಅಜ್ಜಿಯ ಚೊಂಬಿನ ಮೇಲೆ ಎಲ್ಲ ಹಾಕುವುದು ಅನ್ಯಾಯ, ಹುಡುಗನ ಎರಡು ಸಿಗರೇಟಿನ ಮೇಲೆ ಹಾಕುವುದೂ ಪೂರ್ತಿ ಸರಿಯಲ್ಲ. ಆದರೆ ಎರಡು ರಾತ್ರಿಯ ನಿದ್ದೆ ಹೋಗಿದ್ದು ನನ್ನ ಹಾಳೆಯ ಒಂದು ಸಾಲಿನಿಂದ. ಅದರಲ್ಲಿ ನನಗೆ ಅನುಮಾನ ಇಲ್ಲ.

ಮಂಗಳವಾರ ಪಟ್ಟಿ ಬದಲಿಸಿದೆ. ಗುರುವಾರ ಪಟ್ಟಿ, ಹೊಲಿಗೆ ಎರಡನ್ನೂ ತೆಗೆದೆ. ಗಾಜ್ ಪಟ್ಟಿ ತಾನಾಗಿ ಕರಗುವಂಥದ್ದಲ್ಲ, ಇಟ್ಟವರೇ ತೆಗೆಯಬೇಕು. ಅದಕ್ಕೇ ಬರುವ ದಿನವನ್ನು ಅಜ್ಜಿಯ ಕೈಯಲ್ಲೇ ಬರೆಸಿ ಕಳಿಸಿದ್ದೆ.

ಅಡುಗೆಮನೆಯ ಮಾತು

ಮಂಗಳವಾರ ಅಜ್ಜಿಯ ಜೊತೆ ಅರ್ಧ ಗಂಟೆ ಕೂತೆ. ಅವರು ಏನೇನು ಕೊಟ್ಟಿದ್ದರು ಅಂತ ಕೇಳಿ ಬರೆದುಕೊಂಡೆ. ನನ್ನ ಹಾಳೆಯಲ್ಲಿ ಸೂಪ್, ಸ್ಮೂದಿ, ಮ್ಯಾಶ್ಡ್ ಪೊಟ್ಯಾಟೊ ಅಂತ ಇತ್ತು. ಆ ಮನೆಯಲ್ಲಿ ಆದದ್ದು ತೆಳು ಗಂಜಿ, ರಾಗಿ ಅಂಬಲಿ, ಒಂದೆಲಗದ ತಂಬುಳಿ ಕಲಸಿದ ಮೆತ್ತನೆ ಅನ್ನ, ಹೆಸರುಬೇಳೆ ಪಾಯಸ. ನನ್ನ ಪಟ್ಟಿಗಿಂತ ಎಷ್ಟೋ ಮೇಲು. ತಣ್ಣಗೆ, ಖಾರ ಇಲ್ಲದೆ, ಅಗಿಯದೆ ನುಂಗುವಂಥ ಊಟ ನಮ್ಮ ಅಡುಗೆಯಲ್ಲಿ ಬೇಕಾದಷ್ಟಿದೆ. ಬಾಣಂತಿಗೂ ಜ್ವರದವರಿಗೂ ಅಡುಗೆ ಮಾಡಿ ಪಳಗಿದ ಕೈಗೆ ಇದನ್ನು ಕಲಿಸಬೇಕಾಗಿಲ್ಲ.

ಒಂದೇ ಒಂದನ್ನು ಹೇಳಬೇಕಿತ್ತು. ಒಗ್ಗರಣೆ. ಪಟ್ಟಿ ಬದಲಿಸಲು ಗುಂಡಿ ತೊಳೆದಾಗ ಎರಡು ಸಾಸಿವೆ ಕಾಳು ಹೊರಗೆ ಬಂದವು. ತಂಬುಳಿಯ ಒಗ್ಗರಣೆಯದು. ಸಾಸಿವೆ, ಜೀರಿಗೆ, ಎಳ್ಳು, ಗಸಗಸೆ, ಟೊಮೆಟೊ ಬೀಜ, ಸರಿಯಾಗಿ ಬೇಯದ ರವೆ, ಇಷ್ಟೂ ಆ ಗುಂಡಿಗೆ ಅಳತೆ ಮಾಡಿಸಿದ ಹಾಗಿರುತ್ತವೆ. ಒಳಗೆ ಕೂತರೆ ನಾಲಿಗೆಗೆ ಸಿಗುವುದಿಲ್ಲ, ಕೊಳೆಯುತ್ತವೆ. ಪರದೇಶದ ಸೂಚನೆಗಳಲ್ಲಿ ಪಾಪ್‌ಕಾರ್ನ್ ಬೇಡ ಅಂತ ಇರುತ್ತದೆ. ನಾವು ಅದನ್ನೇ ತಂದು ಅಚ್ಚು ಹಾಕಿಸುತ್ತೇವೆ. ಸಾಸಿವೆ ಬೇಡ ಅಂತ ಬರೆಯುವುದಿಲ್ಲ.

ಎಳನೀರು ಕೊಡಬಹುದಾ ಅಂತ ಅಜ್ಜಿ ಕೇಳಿದರು. ಖಂಡಿತ, ಲೋಟಕ್ಕೆ ಬಗ್ಗಿಸಿ ಕೊಡಿ, ಸ್ಟ್ರಾ ಮಾತ್ರ ಬೇಡ ಅಂದೆ. ಸ್ಟ್ರಾ ಎಳೆಯುವುದೂ ಸಿಗರೇಟು ಎಳೆಯುವುದೂ ಗಾಯಕ್ಕೆ ಒಂದೇ ಥರದ ಎಳೆತ. ಬಾಯಿ ಬಿಗಿತಕ್ಕೆ ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲಿನ ಮಧ್ಯೆ ಇಟ್ಟು, ದಿನಕ್ಕೊಂದು ಕಡ್ಡಿ ಏರಿಸುವ ವ್ಯಾಯಾಮ ತೋರಿಸಿದೆ. ಹಲ್ಲುಜ್ಜುವುದನ್ನು ಅವನು ಪೂರ್ತಿ ಬಿಟ್ಟಿದ್ದ. ಅದೂ ತಪ್ಪು. ಎರಡನೇ ದಿನದಿಂದ ಗಾಯದ ಜಾಗ ಬಿಟ್ಟು ಉಳಿದ ಹಲ್ಲುಗಳನ್ನು ಮೆತ್ತನೆ ಬ್ರಷ್‌ನಲ್ಲಿ ಉಜ್ಜಲೇಬೇಕು.

ಇದೆಲ್ಲ ಆರೋಗ್ಯವಾಗಿದ್ದ 26ರ ಹುಡುಗನ ಮಾತು. ಸಕ್ಕರೆ ಕಾಯಿಲೆ ಇರುವವರು, ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು, ಮೂಳೆ ಸವೆತಕ್ಕೆ ಔಷಧಿ ತೆಗೆದುಕೊಳ್ಳುವವರ ಲೆಕ್ಕ ಬೇರೆ. ಅವರು ಯಾವ ಮಾತ್ರೆಯನ್ನೂ ತಾವಾಗಿ ನಿಲ್ಲಿಸದೆ, ಹಲ್ಲು ತೆಗೆಸುವ ಮೊದಲೇ ಡಾಕ್ಟರಿಗೆ ಎಲ್ಲ ಹೇಳಬೇಕು.

ಬಲಗಡೆ ಹಲ್ಲು

ಮೂರು ವಾರದ ಮೇಲೆ ಬೆಂಗಳೂರಿಗೆ ಹೊರಡುವ ದಾರಿಯಲ್ಲಿ ಬಂದ. ಬಾಯಿ ಮೂರು ಬೆರಳು ತೆರೆಯುತ್ತಿತ್ತು. ಗುಂಡಿಯ ತಳದಿಂದ ಕೆಂಪು ಮಾಂಸ ಬೆಳೆದು ಮೇಲೆ ವಸಡು ಕೂಡಿಕೊಳ್ಳುತ್ತಿತ್ತು. ಒಳಗೆ ಮೂಳೆ ತುಂಬಲು ಇನ್ನೂ ತಿಂಗಳುಗಳು ಬೇಕು, ಅದಕ್ಕೆ ನಾವು ಮಾಡುವುದೇನಿಲ್ಲ.

ಡಿಸೆಂಬರಿನಲ್ಲಿ ಬಲಗಡೆ ಹಲ್ಲು ಬಾತುಕೊಂಡಿತು. ಬಾವು ಇಳಿದ ಮೇಲೆ ತೆಗೆಯುವುದೆಂದು ನಿಶ್ಚಯವಾಯಿತು. ಈ ಸಲ ಆಪರೇಷನ್‌ನ ಹಿಂದಿನ ದಿನವೇ ಅಜ್ಜಿಯನ್ನು ಕರೆಸಿದೆ. ಸಿಗರೇಟಿನ ಪ್ರಶ್ನೆಯನ್ನು ಹುಡುಗನನ್ನು ಒಬ್ಬನೇ ಕೂರಿಸಿಕೊಂಡು ಕೇಳಿದೆ. ಹತ್ತು ದಿನದಿಂದ ಸೇದಿಲ್ಲ ಅಂದ. ಕ್ಲೋರ್‌ಹೆಕ್ಸಿಡಿನ್ ದ್ರಾವಣದಿಂದ ಬಾಯಿ ಮುಕ್ಕಳಿಸಿಯೇ ಕುರ್ಚಿಗೆ ಬಾ ಅಂದೆ. ಡ್ರೈ ಸಾಕೆಟ್ ಕಡಿಮೆ ಮಾಡಲು ಅದು ನೆರವಾಗುತ್ತದೆ.

ಹೊಸ ಹಾಳೆ ಕನ್ನಡದಲ್ಲಿತ್ತು, ದಪ್ಪ ಅಕ್ಷರದಲ್ಲಿ. ಅಜ್ಜಿ ಅದನ್ನು ಓದಿ, "ಇದನ್ನ ಕ್ಯಾಲೆಂಡರಿನಲ್ಲೇ ಬರೀತೀನಿ ಡಾಕ್ಟ್ರಮ್ಮಾ, ಹಾಳೆ ಎಲ್ಲೋ ಹೋಗ್ತದೆ" ಅಂದರು. ಬುಧವಾರದ ಚೌಕದಲ್ಲಿ "ಉಗುಳಬಾರದು, ಐಸ್", ಗುರುವಾರದಲ್ಲಿ "ಮಧ್ಯಾಹ್ನದ ಮೇಲೆ ಉಪ್ಪುನೀರು", ಶನಿವಾರದಲ್ಲಿ "ನೋವು ಏರಿದರೆ ಫೋನ್" ಅಂತ ಬರೆದುಕೊಂಡರು. ಭಾನುವಾರದವರೆಗೆ ಎಲ್ಲ ಚೌಕದ ಮೂಲೆಯಲ್ಲೂ "ಒಗ್ಗರಣೆ ಇಲ್ಲ". ಎರಡನೇ ದಿನ ಸಂಜೆ ನಾನೇ ಫೋನ್ ಮಾಡಿದೆ. ಈಗ ಬುದ್ಧಿ ಹಲ್ಲು ತೆಗೆಸಿಕೊಂಡ ಎಲ್ಲರಿಗೂ ಎರಡನೇ ದಿನ, ನಾಲ್ಕನೇ ದಿನ ಫೋನ್ ಮಾಡುತ್ತೇನೆ, ರೋಗಿಗೆ ಅಲ್ಲ, ಮನೆಯಲ್ಲಿ ನೋಡಿಕೊಳ್ಳುವವರಿಗೆ.

ಬಲಗಡೆಯೂ ಕೆನ್ನೆ ಊದಿತು, ಬಾಯಿ ಬಿಗಿಯಿತು. ಹೆಪ್ಪು ಹೋಗಲಿಲ್ಲ. ಒಂದು ಕಡೆ ಆಗಿ ಇನ್ನೊಂದು ಕಡೆ ಆಗದಿದ್ದರೆ ಅದಕ್ಕೆ ನಮ್ಮ ಎಚ್ಚರಿಕೆಯೇ ಕಾರಣ ಅಂತ ಲೆಕ್ಕ ಹಾಕಲು ಬರುವುದಿಲ್ಲ, ಅದು ನನಗೆ ಗೊತ್ತು. ಹೊಲಿಗೆ ತೆಗೆಸಲು ಬಂದ ದಿನ ಅಜ್ಜಿ ಕ್ಯಾಲೆಂಡರನ್ನೇ ಗೋಡೆಯಿಂದ ಬಿಚ್ಚಿ ಸುತ್ತಿಕೊಂಡು ತಂದಿದ್ದರು. ಬುಧವಾರ ಮೂರು ಗೆರೆ. ಗುರುವಾರ ಮೂರು. ಶುಕ್ರವಾರ ಎರಡು. ಶನಿವಾರ ಒಂದು. ಭಾನುವಾರದಿಂದ ಆಚೆಗೆ ಹಾಲಿನ ಲೆಕ್ಕ ಮಾತ್ರ ಇತ್ತು.